ಕೀನ್ಯಕ್ಕೆ ಹೊರಡುವ ಮುನ್ನ ಸೊಳ್ಳೆಯ ವಿಚಾರ

ಹೊರದೇಶಕ್ಕೆ ಹೊರಟ ನಮ್ಮ ಕಡೆಯ ಯಾವ ಕುಟುಂಬದ ತಯಾರಿಯನ್ನು ನೋಡಿದರೂ ಅದರಲ್ಲಿ ಮುಕ್ಕಾಲು ಪಾಲು ಊಟದ ತಯಾರಿಯೇ ಆಗಿರುತ್ತದೆ. ಚಟ್ನಿಪುಡಿ, ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಬಿಸಿನೀರು ಸುರಿದರೆ ಸಾಕು ಎನ್ನುವ ಉಪ್ಪಿಟ್ಟಿನ ಪೊಟ್ಟಣ, ಇವೆಲ್ಲ ತಿಂಗಳಿಗೆ ಮೊದಲೇ ಪಟ್ಟಿಗೆ ಸೇರಿಕೊಳ್ಳುತ್ತವೆ. ಔಷಧದ ಮಾತು ಬರುವುದು ಹೊರಡುವ ಹಿಂದಿನ ರಾತ್ರಿ, ಪೆಟ್ಟಿಗೆಯ ತೂಕ ನೋಡುವ ಹೊತ್ತಿಗೆ, ‘ಒಂದೆರಡು ಜ್ವರದ ಮಾತ್ರೆ ಇಟ್ಟುಕೊಂಡಿದ್ದೀರಿ ತಾನೇ’ ಎಂಬ ಪ್ರಶ್ನೆಯಾಗಿ. ಸಿಂಗಪುರಕ್ಕೋ ಸ್ವಿಟ್ಜರ್ಲೆಂಡಿಗೋ ಹೋಗುವವರಿಗೆ ಈ ಕ್ರಮ ಹೇಗೋ ನಡೆದುಹೋಗುತ್ತದೆ. ಪೂರ್ವ ಆಫ್ರಿಕಕ್ಕೆ ಹೋಗುವವರಿಗೆ ನಡೆಯುವುದಿಲ್ಲ. ಅಕ್ಕನ ಮಗ ನೈರೋಬಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವೂ ಅತ್ತೆಯವರೊಂದಿಗೆ ಕೀನ್ಯಕ್ಕೆ ಹೊರಟೆವು. ಆ ಪ್ರವಾಸದ ಸಿಂಹ, ಜಿರಾಫೆಗಳ ಚಿತ್ರಗಳನ್ನು ನೋಡಿದ ಬಂಧುಗಳೆಲ್ಲ ಕೇಳಿದ್ದು ‘ಅಲ್ಲಿ ಸಸ್ಯಾಹಾರ ಸಿಗುತ್ತದೆಯೇ’ ಎಂದು. ಸಿಗುತ್ತದೆ, ಧಾರಾಳವಾಗಿ ಸಿಗುತ್ತದೆ. ನೂರು ವರ್ಷಕ್ಕೂ ಹಿಂದಿನಿಂದ ಗುಜರಾತಿಗಳೂ ಪಂಜಾಬಿಗಳೂ ನೆಲೆಸಿರುವ ಆ ನಾಡಿನಲ್ಲಿ ಚಪಾತಿ ಅಲ್ಲಿಯವರದೇ ಊಟದ ಭಾಗವಾಗಿಬಿಟ್ಟಿದೆ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ನಾವು ತಿನ್ನುವುದರ ಬಗ್ಗೆ ಪಡುವ ಚಿಂತೆಯಲ್ಲಿ ಅರ್ಧವನ್ನಾದರೂ ನಮ್ಮನ್ನು ಕಚ್ಚುವುದರ ಬಗ್ಗೆ ಪಡುತ್ತೇವೆಯೇ?

ಮೊದಲಿಗೆ ಹಳದಿ ಜ್ವರದ ಲಸಿಕೆ. ಇದರ ಪತ್ರವನ್ನು ಬಹಳ ಜನ ಕೀನ್ಯದ ಪ್ರವೇಶಕ್ಕೆ ಬೇಕಾದ ಒಂದು ಕಾಗದವೆಂದು ಭಾವಿಸುತ್ತಾರೆ. ನಿಜವಾಗಿ ನೋಡಿದರೆ ಆ ಪತ್ರವನ್ನು ಕಟ್ಟುನಿಟ್ಟಾಗಿ ಕೇಳುವ ದೇಶ ನಮ್ಮದೇ. ಹಳದಿ ಜ್ವರ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ರೋಗ. ಭಾರತಕ್ಕೆ ಅದು ಇದುವರೆಗೆ ಬಂದಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಡೆಂಗಿ, ಚಿಕುನ್‌ಗುನ್ಯ ಹರಡುವ ಅದೇ ಸೊಳ್ಳೆ, ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲಿ, ಮಹಡಿಯ ಮೇಲಿನ ಹಳೆಯ ಟೈರಿನಲ್ಲಿ ಮರಿ ಮಾಡುವ ಸೊಳ್ಳೆ. ರೋಗಾಣುವನ್ನು ರಕ್ತದಲ್ಲಿಟ್ಟುಕೊಂಡ ಒಬ್ಬ ಪ್ರಯಾಣಿಕ ಬೆಂಗಳೂರಿನಲ್ಲಿ ಇಳಿದು ಇಲ್ಲಿಯ ಸೊಳ್ಳೆಯಿಂದ ಕಚ್ಚಿಸಿಕೊಂಡನೆಂದರೆ ಮುಂದಿನದನ್ನು ತಡೆಯುವುದು ಕಷ್ಟ. ಹೀಗಾಗಿ ಕೀನ್ಯ, ಉಗಾಂಡ, ಇಥಿಯೋಪಿಯದಂತಹ ದೇಶಗಳಿಂದ ಲಸಿಕೆಯ ಪತ್ರವಿಲ್ಲದೆ ಬಂದವರನ್ನು ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ಆರೋಗ್ಯಾಧಿಕಾರಿಗಳಿಗಿದೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಬೇಕಾಗುವುದರಿಂದ ಈ ಆರರ ಲೆಕ್ಕ.

ಸೊಳ್ಳೆಯನ್ನು ತೊಟ್ಟಿಯಲ್ಲೇ ತಡೆಯಬಹುದೆಂಬ ಅರಿವಿಗೂ ಬೆಂಗಳೂರಿಗೂ ಒಂದು ಹಳೆಯ ನಂಟಿದೆ. ಮಲೇರಿಯದ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೆ ಬಹಳ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ಅತಿಯಾಗಿರುವುದನ್ನು ಕಂಡು ಹುಡುಕಿದಾಗ ಕಿಟಕಿಯ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿರುವುದು ಗೊತ್ತಾಯಿತು. ನೀರನ್ನು ಚೆಲ್ಲಿಸಿದ ಮೇಲೆ ಕಾಟ ಇಳಿಯಿತು. ಆರೋಗ್ಯ ಇಲಾಖೆಯವರು ಇಂದಿಗೂ ಮಳೆಗಾಲದಲ್ಲಿ ಮನೆಮನೆಗೆ ಬಂದು ಹೇಳುವುದು ಇದನ್ನೇ.

ಲಸಿಕೆಯ ವಿಷಯದಲ್ಲಿ ತಿಳಿದಿರಬೇಕಾದ ಸೂಕ್ಷ್ಮಗಳು ಕೆಲವಿವೆ. ಇದನ್ನು ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಹಾಕಿಸಿಕೊಂಡು ಚೀಟಿ ಬರೆಸಿಕೊಂಡರೆ ನಡೆಯುವುದಿಲ್ಲ. ಕೇಂದ್ರ ಸರಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು, ಅಲ್ಲಿಯ ಮೊಹರು ಬಿದ್ದ ಹಳದಿ ಪುಸ್ತಿಕೆಯನ್ನೇ ತರಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಅದನ್ನು ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ಕೇಂದ್ರಗಳು ನಿಗದಿತ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರನ್ನು ಒಟ್ಟಾಗಿ ಕೂಡಿಸಿಕೊಂಡು ಹಾಕುತ್ತವೆ. ಪುಸ್ತಿಕೆಯಲ್ಲಿ ಪಾಸ್‌ಪೋರ್ಟಿನ ಸಂಖ್ಯೆ ಬರೆಯುವುದರಿಂದ ಮೂಲ ಪಾಸ್‌ಪೋರ್ಟನ್ನೇ ಒಯ್ಯಬೇಕು. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದಕ್ಕೆ ಮಾನ್ಯತೆ; ಆಮೇಲೆ ಅದು ಜೀವಮಾನಕ್ಕೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕೆಂಬ ಹಳೆಯ ನಿಯಮ 2016ರ ಜುಲೈಯಲ್ಲಿ ರದ್ದಾಯಿತು, ಆದರೂ ಟ್ರಾವೆಲ್ ಏಜೆಂಟರ ಬಾಯಲ್ಲಿ ಅದಿನ್ನೂ ಉಳಿದಿದೆ.

ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಸಿದ್ಧಪಡಿಸಿ, ಅದಕ್ಕಾಗಿಯೇ 1951ರ ನೊಬೆಲ್ ಪಡೆದ 17ಡಿ ತಳಿಯನ್ನೇ ಇಂದಿಗೂ ಬಳಸುತ್ತಾರೆ. ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವುದರಿಂದ ಮೊಟ್ಟೆಗೆ ತೀವ್ರ ಅಲರ್ಜಿ ಇರುವವರಿಗೂ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಿಗೂ, ಚಿಕ್ಕ ಶಿಶುಗಳಿಗೂ ಕೊಡುವುದಿಲ್ಲ; ಗರ್ಭಿಣಿಯರು ಮತ್ತು 60 ದಾಟಿದವರ ವಿಷಯದಲ್ಲಿ ವೈದ್ಯರು ತೂಗಿ ನೋಡುತ್ತಾರೆ, ಏಕೆಂದರೆ ಮೊದಲ ಬಾರಿ ಹಾಕಿಸಿಕೊಳ್ಳುವ ಹಿರಿಯರಲ್ಲಿ ಅಪರೂಪದ, ಆದರೆ ಗಂಭೀರವಾದ ಅಡ್ಡಪರಿಣಾಮಗಳ ಸಾಧ್ಯತೆ ತುಸು ಹೆಚ್ಚು. ನಮ್ಮ ಅತ್ತೆಯವರಿಗೆ 60 ದಾಟಿ ಬಹಳ ಕಾಲವಾಗಿದೆ, ಸಕ್ಕರೆ ಕಾಯಿಲೆಯೂ ಇದೆ. ಕೇಂದ್ರದ ವೈದ್ಯೆ ಅವರ ಮಾತ್ರೆಗಳ ಚೀಟಿಯನ್ನು ಒಂದೊಂದಾಗಿ ಓದಿ, ಹಿಂದೆ ಯಾವ ಕಾಯಿಲೆಯಾಗಿತ್ತು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಥೈಮಸ್ ಗ್ರಂಥಿಯ ತೊಂದರೆಯೇನಾದರೂ ಇತ್ತೇ ಎಂದೆಲ್ಲ ವಿಚಾರಿಸುತ್ತಿದ್ದಾಗ ಅತ್ತೆಯವರು, ‘ಆನೆ ನೋಡುವುದಕ್ಕೆ ನನಗೆ ಬಂಡೀಪುರವೇ ಸಾಕಾಗಿತ್ತು ತಾಯಿ, ಇವರೇ ಎಳೆದುಕೊಂಡು ಹೊರಟಿದ್ದಾರೆ’ ಎಂದರು. ವೈದ್ಯೆ ನಕ್ಕು, ಆದರೆ ಪ್ರಶ್ನೆಗಳನ್ನು ಬಿಡದೆ ಮುಗಿಸಿ, ಹಾಕಬಹುದು ಎಂದು ನಿರ್ಧರಿಸಿದರು. ಹಾಕಬಾರದೆಂದು ಕಂಡಿದ್ದರೆ ಅದಕ್ಕೆ ವೈದ್ಯಕೀಯ ವಿನಾಯಿತಿಯ ಪತ್ರ ಬರೆದುಕೊಡುವ ಕ್ರಮವಿದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಬೆಂಚಿನ ಮೇಲೆ ಕೂರಿಸುತ್ತಾರೆ. ಅಲರ್ಜಿ ಕಾಣಿಸಿಕೊಳ್ಳುವುದಿದ್ದರೆ ಆ ಹೊತ್ತಿನಲ್ಲೇ ಹೆಚ್ಚು.

ಇಷ್ಟೆಲ್ಲ ಆದ ಮೇಲೆ ಬಹುಪಾಲು ಪ್ರಯಾಣಿಕರಿಗೆ ‘ಆಫ್ರಿಕದ ಇಂಜೆಕ್ಷನ್ ಆಯಿತು’ ಎಂಬ ನೆಮ್ಮದಿ ಬಂದುಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ಕಾನೂನು ಕೇಳುವುದು ಹಳದಿ ಜ್ವರದ ಪತ್ರವನ್ನು. ಪ್ರಯಾಣಿಕನನ್ನು ನಿಜವಾಗಿ ಹಾಸಿಗೆ ಹಿಡಿಸುವುದು, ಕೆಲವೊಮ್ಮೆ ಕೊಲ್ಲುವುದು, ಮಲೇರಿಯ. ಅದಕ್ಕೆ ಪ್ರವಾಸಿಗರು ಹಾಕಿಸಿಕೊಳ್ಳುವ ಲಸಿಕೆಯಿಲ್ಲ, ಯಾವ ವಿಮಾನ ನಿಲ್ದಾಣದಲ್ಲೂ ಅದರ ಪತ್ರವನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಇತ್ತೀಚೆಗೆ ಬಂದಿರುವ ಎರಡು ಮಲೇರಿಯ ಲಸಿಕೆಗಳು, ಪುಣೆಯಲ್ಲಿ ತಯಾರಾಗುವ ಆರ್21 ಸೇರಿದಂತೆ, ಆಫ್ರಿಕದ ಪುಟ್ಟ ಮಕ್ಕಳಿಗಾಗಿ ಇರುವಂಥವು.

‘ಮಲೇರಿಯ ನಮಗೇನು ಹೊಸದೇ’ ಎಂಬ ಮಾತನ್ನು ಮಂಗಳೂರಿನ ಕಡೆಯ ಬಂಧುಗಳಿಂದ ಕೇಳಿದ್ದೇನೆ. ಕರ್ನಾಟಕದ ಮಲೇರಿಯ ಪ್ರಕರಣಗಳಲ್ಲಿ ದೊಡ್ಡ ಪಾಲು ಬಹಳ ವರ್ಷ ಮಂಗಳೂರು ನಗರದ್ದೇ ಆಗಿತ್ತು, ಕಟ್ಟಡ ಕಟ್ಟುವ ಜಾಗಗಳ ನಿಂತ ನೀರು ಅದಕ್ಕೆ ಮುಖ್ಯ ಕಾರಣವಾಗಿತ್ತು, ಆದ್ದರಿಂದ ಅಲ್ಲಿಯವರಿಗೆ ಚಳಿಜ್ವರವೆಂದರೆ ಏನೆಂದು ಚೆನ್ನಾಗಿ ಗೊತ್ತು. ಆದರೆ ಅಲ್ಲಿ ಹೆಚ್ಚಾಗಿ ಕಂಡದ್ದು ಮಲೇರಿಯ ಪರಾವಲಂಬಿಯ ವೈವಾಕ್ಸ್ ಎಂಬ ಜಾತಿ. ನರಳಿಸುತ್ತದೆ, ಮರುಕಳಿಸುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಕೀನ್ಯದಲ್ಲಿ ಬಹುಪಾಲು ಫಾಲ್ಸಿಪ್ಯಾರಮ್. ಅದು ಎಲ್ಲ ವಯಸ್ಸಿನ ಕೆಂಪು ರಕ್ತಕಣಗಳಿಗೂ ನುಗ್ಗುತ್ತದೆ, ಸೋಂಕಿದ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮೆದುಳು, ಮೂತ್ರಪಿಂಡಗಳಿಗೆ ರಕ್ತ ಹೋಗುವುದನ್ನೇ ತಡೆಯುತ್ತವೆ. ಬೆಳಗ್ಗೆ ಜ್ವರವೆಂದು ಮಲಗಿದವರು ಒಂದೆರಡು ದಿನಗಳಲ್ಲಿ ಪ್ರಜ್ಞೆ ತಪ್ಪುವ ಸ್ಥಿತಿಗೆ ಹೋಗಬಹುದು. ವಿಕ್ಟೋರಿಯ ಸರೋವರದ ದಂಡೆಯ ಕಿಸುಮುವಿನಂತಹ ಊರುಗಳಲ್ಲಿ ಹುಟ್ಟಿ ಬೆಳೆದ ದೊಡ್ಡವರಿಗೆ ಬಾಲ್ಯದಿಂದ ಮತ್ತೆ ಮತ್ತೆ ಸೋಂಕು ತಗುಲಿ ಅರೆಬರೆ ನಿರೋಧಕ ಶಕ್ತಿ ಬಂದಿರುತ್ತದೆ. ಅವರು ಮಾತ್ರೆ ತಿನ್ನುವುದಿಲ್ಲವೆಂದು ನಾವೂ ಬಿಡುವುದು ಸರಿಯಲ್ಲ. ಆ ಶಕ್ತಿಯೂ ಊರು ಬಿಟ್ಟ ಮೇಲೆ ಬಹುಕಾಲ ಉಳಿಯದು. ಅಲ್ಲಿ ವರ್ಷಗಟ್ಟಲೆ ಇದ್ದು ಬೆಂಗಳೂರಿಗೆ ಬಂದು ನೆಲೆಸಿದವರು ರಜೆಗೆ ಮತ್ತೆ ಹೋಗುವಾಗ ‘ನಮಗೆ ಅಲ್ಲಿಯ ಹವೆ ಅಭ್ಯಾಸ’ ಎಂದುಕೊಂಡರೆ ಅಪಾಯ ಇರುವುದು ಅವರಿಗೇ.

ಇನ್ನು ಮಾತ್ರೆಯ ವಿಚಾರ. ಔಷಧದಂಗಡಿಯಲ್ಲಿ ಕೇಳಿದರೆ ಮಲೇರಿಯಕ್ಕೆಂದು ಕ್ಲೋರೋಕ್ವಿನ್ ಕೊಡುವ ಸಂಭವವಿದೆ. ಆಫ್ರಿಕದ ಫಾಲ್ಸಿಪ್ಯಾರಮ್ ಅದಕ್ಕೆ ಎಂದೋ ಜಗ್ಗದಂತಾಗಿದೆ, ಅದನ್ನು ನುಂಗುವುದೂ ಬಿಡುವುದೂ ಒಂದೇ. ತಡೆಗೆ ಬಳಸುವುದು ಮುಖ್ಯವಾಗಿ ಮೂರು: ಅಟೊವಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆ, ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್. ಮೊದಲನೆಯದು ಯಕೃತ್ತಿನಲ್ಲಿ ಅಡಗಿರುವ ಪರಾವಲಂಬಿಯನ್ನೇ ಕೊಲ್ಲುವುದರಿಂದ ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ಹಿಂದಿರುಗಿದ ಮೇಲೆ ಏಳು ದಿನ ತೆಗೆದುಕೊಂಡರೆ ಸಾಕು, ಆದರೆ ಬೆಲೆ ಹೆಚ್ಚು, ಎಲ್ಲ ಕಡೆ ಸಿಗುವುದೂ ಇಲ್ಲ. ಉಳಿದೆರಡು ಕೆಲಸ ಮಾಡುವುದು ಪರಾವಲಂಬಿ ರಕ್ತಕ್ಕೆ ಇಳಿದ ಮೇಲೆ. ಆದ್ದರಿಂದ ಊರಿಗೆ ಬಂದ ಮೇಲೂ ನಾಲ್ಕು ವಾರ ಬಿಡದೆ ನುಂಗಬೇಕು. ಪ್ರವಾಸಿಗರಲ್ಲಿ ಬಹಳ ಜನ ಎಡವುವುದು ಈ ನಾಲ್ಕು ವಾರದಲ್ಲಿ. ಪ್ರವಾಸ ಮುಗಿಯಿತು, ಚಿತ್ರಗಳನ್ನೂ ಹಂಚಿಯಾಯಿತು, ಇನ್ನೇಕೆ ಮಾತ್ರೆ ಎಂದು ಉಳಿದವನ್ನು ಅಡುಗೆಮನೆಯ ಡಬ್ಬಿಗೆ ಸೇರಿಸಿಬಿಡುತ್ತಾರೆ.

ನಮ್ಮ ವೈದ್ಯರು ಕೊಟ್ಟದ್ದು ಡಾಕ್ಸಿಸೈಕ್ಲಿನ್, ದಿನಕ್ಕೊಂದು, 100 ಮಿಲಿಗ್ರಾಂ. ಅಗ್ಗದ ಮಾತ್ರೆ, ಎಲ್ಲೆಡೆ ಸಿಗುತ್ತದೆ, ಆದರೆ ಅದಕ್ಕೂ ನಿಯಮಗಳಿವೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಕೊಡುವುದಿಲ್ಲ. ಊಟದ ನಂತರ ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್‌ಗಳ ಜೊತೆಯಲ್ಲಿ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಇದಲ್ಲದೆ ಅದು ಚರ್ಮವನ್ನು ಬಿಸಿಲಿಗೆ ನಾಜೂಕು ಮಾಡುತ್ತದೆ. ಸಮಭಾಜಕ ವೃತ್ತ ಹಾದುಹೋಗುವ ದೇಶದಲ್ಲಿ, ಮೇಲ್ಛಾವಣಿ ತೆರೆದ ಜೀಪಿನಲ್ಲಿ ದಿನವಿಡೀ ನಿಲ್ಲುವವರು ಇದನ್ನು ನೆನಪಿಡಬೇಕು. ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಮೂರೂ ಬೇಕು. ಮೆಫ್ಲೋಕ್ವಿನ್ ವಾರಕ್ಕೊಂದೇ ಆದ್ದರಿಂದ ಆಕರ್ಷಕವಾಗಿ ಕಾಣುತ್ತದೆ, ಆದರೆ ಕೆಲವರಲ್ಲಿ ಕೆಟ್ಟ ಕನಸು, ಆತಂಕ, ಖಿನ್ನತೆ ತರುತ್ತದೆ. ಮೂರ್ಛೆರೋಗ ಅಥವಾ ಮಾನಸಿಕ ತೊಂದರೆಯ ಹಿನ್ನೆಲೆ ಇರುವವರಿಗೆ ಅದು ಸಲ್ಲದು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು, ಹೊರಡುವುದಕ್ಕೆ ನಾಲ್ಕಾರು ವಾರ ಮೊದಲೇ ಅವರ ಬಳಿಗೆ ಹೋಗಬೇಕು.

ಮಾತ್ರೆಯೊಂದೇ ಸಾಲದು, ಕಚ್ಚಿಸಿಕೊಳ್ಳದೆ ಇರುವುದೇ ಮೊದಲ ರಕ್ಷಣೆ. ಹಳದಿ ಜ್ವರದ ಸೊಳ್ಳೆ ಹಗಲಿನದು, ಮಲೇರಿಯದ ಅನಾಫಿಲಿಸ್ ದೀಪ ಹಚ್ಚುವ ಹೊತ್ತಿನಿಂದ ಬೆಳಕು ಹರಿಯುವವರೆಗಿನದು. ಮಸಾಯಿ ಮಾರಾ ಎಂಬ ವನ್ಯಧಾಮದ ಡೇರೆಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಎಲ್ಲರೂ ಹೊರಗಿರುತ್ತಾರೆ: ಸಂಜೆಯ ಸಫಾರಿ ಮುಗಿದಿರುತ್ತದೆ, ಬೆಂಕಿಯ ಸುತ್ತ ಕುರ್ಚಿ ಹಾಕಿರುತ್ತಾರೆ, ಸ್ನಾನ ಮಾಡಿ ಅರೆತೋಳಿನ ಅಂಗಿ, ಚಪ್ಪಲಿಯಲ್ಲಿ ಬಂದು ಕೂತವರ ಪಾದ, ಹಿಮ್ಮಡಿಗಳು ಕತ್ತಲಲ್ಲಿ ಬತ್ತಲೆಯಾಗಿರುತ್ತವೆ. ಸೊಳ್ಳೆಗೆ ಅದೇ ಬೇಕಾದದ್ದು. ನಾವು ಸಂಜೆ ಐದೂವರೆಗೇ ಕಾಲುಚೀಲ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡೆವು. ಸೊಳ್ಳೆಯನ್ನು ದೂರವಿಡುವ ರಾಸಾಯನಿಕಗಳಾದ ಡೀಟ್ ಶೇಕಡಾ 20ಕ್ಕಿಂತ ಹೆಚ್ಚು ಇರುವ, ಇಲ್ಲವೇ ಪಿಕಾರಿಡಿನ್ ಇರುವ ಲೇಪನ ಒಳ್ಳೆಯದು. ಕೊಳ್ಳುವಾಗ ಬಳ್ಳಿ, ಬೇವಿನೆಲೆಯ ಚಿತ್ರ ನೋಡಿ ಮರುಳಾಗದೆ ಹಿಂಬದಿಯ ಸಣ್ಣಕ್ಷರವನ್ನು ಓದಬೇಕು. ಸನ್‌ಸ್ಕ್ರೀನ್ ಮೊದಲು, ಅದು ಆರಿದ ಮೇಲೆ ಸೊಳ್ಳೆಯ ಲೇಪನ. ಲಾಡ್ಜುಗಳಲ್ಲಿ ಹಾಸಿಗೆಯ ಮೇಲೆ ಗಂಟು ಕಟ್ಟಿ ನೇತುಹಾಕಿದ ಪರದೆ ಅಲಂಕಾರಕ್ಕಲ್ಲ. ಸಂಜೆ ಬಿಡಿಸುವವರು ಅದನ್ನು ಸುಮ್ಮನೆ ಇಳಿಬಿಟ್ಟು ಹೋಗಿರುತ್ತಾರೆ. ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸೇರಿಸಿ, ಒಳಗೆ ಟಾರ್ಚು ಬಿಟ್ಟು ತೂತು ಇದೆಯೇ ಎಂದು ನೋಡುವ ಕೆಲಸ ನಮ್ಮದು. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಈ ಭಯ ಕಡಿಮೆ, ರಾತ್ರಿ ಸ್ವೆಟರು ಬೇಕಾಗುವಷ್ಟು ಚಳಿ. ಆದರೆ ಮಾರಾಕ್ಕೋ, ಕರಾವಳಿಯ ಮೊಂಬಾಸಕ್ಕೋ, ಎಲ್ಲಕ್ಕಿಂತ ಹೆಚ್ಚಾಗಿ ವಿಕ್ಟೋರಿಯ ಸರೋವರದ ಸೀಮೆಗೋ ಇಳಿದವರಿಗೆ ನೈರೋಬಿಯ ಧೈರ್ಯ ಸಲ್ಲುವುದಿಲ್ಲ.

ಹಗಲು ಕಚ್ಚುವ ಇನ್ನೊಂದು ಜೀವಿ ತ್ಸೆತ್ಸೆ ನೊಣ. ಜೇನುನೊಣದಷ್ಟು ದಪ್ಪ, ರೆಕ್ಕೆಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಮಡಿಸಿ ಕೂರುತ್ತದೆ, ತೆಳುವಾದ ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ, ಚೆನ್ನಾಗಿ ನೋಯುತ್ತದೆ. ನಿದ್ರಾರೋಗವೆಂಬ ಪರಾವಲಂಬಿ ಸೋಂಕನ್ನು ಹರಡುವುದು ಇದೇ. ಪ್ರವಾಸಿಗರಿಗೆ ರೋಗ ತಗುಲುವುದು ತೀರ ಅಪರೂಪ. 2012ರಲ್ಲಿ ಮಾರಾಕ್ಕೆ ಹೋಗಿಬಂದ ಇಬ್ಬರು ಯೂರೋಪಿಯನ್ನರಲ್ಲಿ ಕಂಡುಬಂದಿತ್ತು. ಈ ನೊಣಕ್ಕೆ ಚಲಿಸುವ ವಾಹನ, ಕಡುನೀಲಿ ಮತ್ತು ಕಪ್ಪು ಬಣ್ಣಗಳೆಂದರೆ ಸೆಳೆತ. ಪೂರ್ವ ಆಫ್ರಿಕದ ಕಾಡುಗಳಲ್ಲಿ ಮರಗಳ ನಡುವೆ ನೀಲಿ ಕಪ್ಪು ಬಟ್ಟೆಯ ತುಂಡುಗಳು ತೂಗಾಡುವುದನ್ನು ಕಂಡರೆ ಅದು ಕೀಟನಾಶಕ ಸವರಿದ ಬಲೆ ಎಂದು ತಿಳಿಯಬೇಕು. ಅತ್ತೆಯವರ ಕಡುನೀಲಿ ಕಾಟನ್ ಸೀರೆ ಈ ಕಾರಣಕ್ಕೆ ಪೆಟ್ಟಿಗೆಯಿಂದ ಹೊರಬರಲೇ ಇಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ನಲ್ಲಿಯ ನೀರು ಕುಡಿಯುವುದಕ್ಕೂ ಬೇಡ, ಹಲ್ಲುಜ್ಜುವುದಕ್ಕೂ ಬೇಡ, ಎಲ್ಲಿಯದೆಂದು ತಿಳಿಯದ ಐಸು ಸರ್ವಥಾ ಬೇಡ. ನಮ್ಮಲ್ಲಿಯಂತೆ ಕಂಡಕಂಡಲ್ಲಿ ಪ್ಲಾಸ್ಟಿಕ್ ಬಾಟಲಿ ಕೊಂಡರಾಯಿತು ಎನ್ನುವಂತೆಯೂ ಇಲ್ಲ. ಕೀನ್ಯ 2017ರ ಆಗಸ್ಟಿನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2020ರ ಜೂನ್ 5ರಿಂದ ರಾಷ್ಟ್ರೀಯ ಉದ್ಯಾನ, ಕಡಲತೀರ, ಅರಣ್ಯಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಪ್ರವೇಶವಿಲ್ಲ. ಸ್ಟೀಲಿನ ಬಾಟಲಿಗಳನ್ನು ಒಯ್ದರೆ ಲಾಡ್ಜಿನವರು ಸೋಸಿದ ನೀರು ತುಂಬಿಕೊಡುತ್ತಾರೆ. ಅವಲಕ್ಕಿ, ಚಟ್ನಿಪುಡಿ ಕಟ್ಟುವವರೂ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ಮನೆಯಲ್ಲೇ ಬಿಟ್ಟು ಬಟ್ಟೆಯ ಚೀಲ, ಡಬ್ಬಿಗಳನ್ನು ಹಿಡಿಯುವುದು ಕ್ಷೇಮ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಯಾಗಿ ಎದುರಿಗೆ ಬೇಯಿಸಿದ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ, ಸುಕುಮ ವೀಕಿ ಎಂಬ ಸೊಪ್ಪಿನ ಪಲ್ಯ, ಬೀನ್ಸ್ ಕಾಳಿನ ಸಾರು ಯಾರಿಗೂ ತೊಂದರೆ ಕೊಡುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಬೆಳಗಿನಿಂದ ಹೆಚ್ಚಿಟ್ಟ ಹಣ್ಣು, ಸಾಲಡ್ಡುಗಳೇ ಹೊಟ್ಟೆ ಕೆಡಿಸುವುದು. ಕೆಟ್ಟರೆ ಒಆರ್‌ಎಸ್ ಪುಡಿ ಒಂದು ಲೀಟರ್ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಬೇಕು; ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಇಂಥದೇ ಸರಳ ದ್ರಾವಣದಿಂದ ಕಾಲರಾ ಸಾವುಗಳನ್ನು ತಗ್ಗಿಸಿದರು. ಭೇದಿ ನಿಲ್ಲಿಸುವ ಮಾತ್ರೆಯನ್ನು ಜ್ವರ ಇದ್ದಾಗ, ಮಲದಲ್ಲಿ ರಕ್ತ ಕಂಡಾಗ ನುಂಗಬಾರದು. ಲಸಿಕೆಗಳಲ್ಲಿ ಟೈಫಾಯ್ಡ್ ಎಲ್ಲರಿಗೂ ಸರಿ. ಹೆಪಟೈಟಿಸ್ ಎ ಎಂಬ ಕಾಮಾಲೆಯ ವಿಷಯದಲ್ಲಿ ನಮ್ಮ ಮನೆಗಳಲ್ಲೇ ಎರಡು ತಲೆಮಾರುಗಳಿಗೆ ವ್ಯತ್ಯಾಸವಿದೆ: ಕೆರೆ ಬಾವಿಯ ನೀರು ಕುಡಿದು ಬೆಳೆದ ಹಿರಿಯರಿಗೆ ಬಾಲ್ಯದಲ್ಲೇ ಅದು ಗೊತ್ತಿಲ್ಲದಂತೆ ಬಂದು ಹೋಗಿ ಜೀವಮಾನದ ರಕ್ಷಣೆ ಸಿಕ್ಕಿರುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಿಸಿದ ನೀರು ಕುಡಿದು ಬೆಳೆದ ಮಕ್ಕಳಿಗೆ ಅದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಹದಿನೆಂಟರ ಹುಡುಗನಿಗೆ ಚುಚ್ಚುಮದ್ದು ಬೇಕು, ಅಜ್ಜಿಗೆ ಬೇಡವಾಗಬಹುದು.

ವಿಕ್ಟೋರಿಯ ಸರೋವರದ ನೀರು ಬೇರೊಂದು ಬಗೆಯ ಅಪಾಯ. ಕಿಸುಮುವಿನ ದಂಡೆಯಲ್ಲಿ ಸಂಜೆ ಹೊತ್ತು ನಿಂತರೆ ಇಳಿಯಬೇಕೆನಿಸುತ್ತದೆ. ಅಕ್ಕನ ಮಗನ ಗೆಳೆಯರು ಇಳಿದೇ ಇಳಿದರು. ಆ ಸಿಹಿನೀರಿನ ಬಸವನಹುಳುಗಳಿಂದ ಹೊರಬೀಳುವ ಕಣ್ಣಿಗೆ ಕಾಣದ ಮರಿಹುಳುಗಳು ನೀರಿನಲ್ಲಿ ನಿಂತವರ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಬಿಲ್‌ಹಾರ್ಜಿಯ ಎಂದು ಕರೆಯುವ ಈ ರೋಗದ ಹುಳುವನ್ನು 1851ರಲ್ಲಿ ಕೈರೋದಲ್ಲಿ ಥಿಯೋಡೋರ್ ಬಿಲ್‌ಹಾರ್ಜ್ ಗುರುತಿಸಿದ. ನೀರು ಕುಡಿಯಬೇಕಾಗಿಲ್ಲ, ಮೊಣಕಾಲಿನವರೆಗೆ ಇಳಿದರೂ ಸಾಕು. ತಕ್ಷಣ ಏನೂ ತೋರುವುದಿಲ್ಲ, ಕೆಲವರಿಗೆ ತುರಿಕೆ ಅಷ್ಟೆ. ವಾರಗಳ ನಂತರ ಜ್ವರ, ಕೆಮ್ಮು ಬರಬಹುದು, ಬರದೆಯೂ ಇರಬಹುದು, ಹುಳುಗಳು ಮಾತ್ರ ವರ್ಷಗಟ್ಟಲೆ ಉಳಿದು ಕರುಳು, ಯಕೃತ್ತು, ಮೂತ್ರಕೋಶಗಳನ್ನು ಕೆಡಿಸುತ್ತವೆ. ಇಳಿದವರು ಒಂದೆರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆಗೆ ಇದು ಚೆನ್ನಾಗಿ ಗುಣವಾಗುತ್ತದೆ. ಉಪ್ಪುನೀರಿನ ಕಡಲಲ್ಲಿ, ಕ್ಲೋರಿನ್ ಹಾಕಿದ ಈಜುಕೊಳದಲ್ಲಿ ಈ ಭಯವಿಲ್ಲ. ನಮ್ಮ ಕಡೆ ನದಿಯಲ್ಲಿ ಮಿಂದೇ ಬೆಳೆದವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಏಕೆಂದರೆ ಈ ರೋಗ ನಮ್ಮಲ್ಲಿ ಇಲ್ಲವೆನ್ನುವಷ್ಟು ಅಪರೂಪ.

ಲಾಡ್ಜಿನ ತಿಂಡಿಯ ಮೇಜಿಗೆ ಬರುವ ಕೋತಿಗಳಿಗೆ ಬಾಳೆಹಣ್ಣು ಕೊಡಬಾರದು; ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸಾಬೂನಿನಲ್ಲಿ ತೊಳೆದು ಅಂದೇ ರೇಬೀಸ್ ಲಸಿಕೆಗೆ ಹೋಗಬೇಕು. ಜೀಪಿನಲ್ಲಿ ಸೀಟ್‌ಬೆಲ್ಟ್ ಹಾಕಬೇಕು, ರಾತ್ರಿ ಹೆದ್ದಾರಿಯ ಪ್ರಯಾಣ ಬೇಡ. ಇವಕ್ಕೆ ವಿವರಣೆ ಬೇಕಾಗಿಲ್ಲ.

ಹಿರಿಯರನ್ನು ಕರೆದೊಯ್ಯುವವರು ದಿನನಿತ್ಯದ ಮಾತ್ರೆಗಳನ್ನು ಕೈಚೀಲದಲ್ಲೇ ಇಡಬೇಕು, ಇನ್ಸುಲಿನ್ ಇದ್ದರೆ ಖಂಡಿತ ಸಾಮಾನಿನ ಪೆಟ್ಟಿಗೆಗೆ ಹಾಕಬಾರದು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಂಡರೆ ಅಲ್ಲಿಯ ಅಂಗಡಿಯಲ್ಲಿ ಕೇಳಲು ಬರುತ್ತದೆ. ವಿಮೆಯ ಕಾಗದದಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ರಕ್ಷಣೆ ಇದೆಯೇ, ದೂರದ ಕಾಡಿನಿಂದ ವಿಮಾನದಲ್ಲಿ ಸಾಗಿಸುವ ವೆಚ್ಚ ಸೇರಿದೆಯೇ ಎಂಬೆರಡನ್ನು ಓದಲೇಬೇಕು. ಮಾರಾದಿಂದ ಒಳ್ಳೆಯ ಆಸ್ಪತ್ರೆ ಎಂದರೆ ನೈರೋಬಿಯೇ, ರಸ್ತೆಯಲ್ಲಿ ಐದಾರು ಗಂಟೆ. ಇದಕ್ಕಾಗಿಯೇ 1957ರಲ್ಲಿ ಮೂವರು ಶಸ್ತ್ರವೈದ್ಯರು ಕಟ್ಟಿದ ಆಮ್ರೆಫ್ ಸಂಸ್ಥೆಯ ಹಾರುವ ವೈದ್ಯರು ಇಂದಿಗೂ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಕಾಡಿನ ಮಣ್ಣಿನ ರನ್‌ವೇಗಳಿಗೆ ಹಾರುತ್ತಾರೆ.

ಮುಖ್ಯವಾದ ಮಾತು ಹಿಂದಿರುಗಿದ ಮೇಲಿನದು. ಸೊಳ್ಳೆ ಕಚ್ಚಿದ ಏಳು ದಿನಗಳೊಳಗೆ ಫಾಲ್ಸಿಪ್ಯಾರಮ್ ಜ್ವರ ತರುವುದಿಲ್ಲ. ಸಾಮಾನ್ಯವಾಗಿ ತಿಂಗಳೊಳಗೆ, ಕೆಲವೊಮ್ಮೆ ಮೂರು ತಿಂಗಳವರೆಗೂ ಎಳೆದು ತರುತ್ತದೆ. ಎಂದರೆ ಜ್ವರ ಬರುವುದು ನೈರೋಬಿಯಲ್ಲಲ್ಲ, ರಾಜಾಜಿನಗರದ ಮನೆಯಲ್ಲಿ. ನೈರೋಬಿಯ ಯಾವ ವೈದ್ಯನೂ ಜ್ವರ ಎಂದೊಡನೆ ಮಲೇರಿಯ ಪರೀಕ್ಷೆಗೆ ಬರೆಯುತ್ತಾನೆ. ಬೆಂಗಳೂರಿನಲ್ಲಿ ಮಳೆಗಾಲದ ಜ್ವರ ಎಂದೊಡನೆ ಎಲ್ಲರ ಬಾಯಲ್ಲೂ ಡೆಂಗಿ, ‘ಪ್ಲೇಟ್‌ಲೆಟ್ ಎಷ್ಟು’ ಎಂಬ ಪ್ರಶ್ನೆ, ಪಪ್ಪಾಯಿ ಎಲೆಯ ರಸ. ಮಲೇರಿಯದಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ ಎಂಬುದು ಇಲ್ಲಿ ದಾರಿ ತಪ್ಪಿಸುವ ಸಂಗತಿ. ಎಣಿಕೆ ಕಡಿಮೆಯಾದುದನ್ನು ಕಂಡು ಡೆಂಗಿಯೇ ಇರಬೇಕೆಂದು ಎರಡು ದಿನ ಕಾದರೆ ಆ ಎರಡು ದಿನವೇ ದುಬಾರಿಯಾಗಬಹುದು. ಆದ್ದರಿಂದ ವೈದ್ಯರ ಎದುರು ಕೂತೊಡನೆ ಹೇಳಬೇಕಾದ ಮೊದಲ ವಾಕ್ಯ, ‘ಇಂಥ ತಾರೀಕಿನವರೆಗೆ ಕೀನ್ಯದಲ್ಲಿದ್ದೆ, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂಬುದು.

ನಮ್ಮ ಯಜಮಾನರಿಗೆ ಊರಿಗೆ ಬಂದ ಮೇಲೆ ಜ್ವರ ಬಂತು, ಮೈಕೈ ನೋವು, ತಲೆಸಿಡಿತ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಡೆಂಗಿಯ ಪರೀಕ್ಷೆಗಷ್ಟೇ ಚೀಟಿ ಬರೆಯುತ್ತಿದ್ದ ಎಳೆಯ ಡಾಕ್ಟರು ಕೀನ್ಯದ ಹೆಸರು ಕೇಳಿದ ಕೂಡಲೇ ಪೆನ್ನು ನಿಲ್ಲಿಸಿ, ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನವನ್ನೂ ಮಲೇರಿಯದ ಕ್ಷಿಪ್ರ ಪರೀಕ್ಷೆಯನ್ನೂ ಸೇರಿಸಿದರು. ಮೊದಲ ಲೇಪನದಲ್ಲಿ ಏನೂ ಕಾಣಲಿಲ್ಲ. ಒಮ್ಮೆ ಕಾಣದಿದ್ದರೆ ಇಲ್ಲವೆಂದಲ್ಲ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳ ಅಂತರದಲ್ಲಿ ಮೂರು ಬಾರಿಯಾದರೂ ನೋಡಬೇಕು, ಅದರಲ್ಲೂ ತಡೆಮಾತ್ರೆ ತೆಗೆದು­ಕೊಳ್ಳುತ್ತಿರುವವರ ರಕ್ತದಲ್ಲಿ ಪರಾವಲಂಬಿಗಳು ವಿರಳವಾಗಿರಬಹುದು ಎಂದು ಅವರೇ ವಿವರಿಸಿ ಮತ್ತೆ ಬರಹೇಳಿದರು. ಮೂರನೆಯ ಲೇಪನದಲ್ಲೂ ಏನೂ ಇಲ್ಲವೆಂದು ಖಚಿತವಾದ ಮೇಲೆ ಅದನ್ನು ಸಾಮಾನ್ಯ ವೈರಲ್ ಜ್ವರ ಎಂದು ಬರೆದರು. ಡಾಕ್ಸಿಸೈಕ್ಲಿನ್ನನ್ನು ಮಾತ್ರ ನಿಲ್ಲಿಸಬೇಡಿ ಎಂದರು. ನಾಲ್ಕು ವಾರ ತುಂಬುವುದಕ್ಕೆ ಇನ್ನೂ ಬಾಕಿ ಇತ್ತು.